ಕತ್ತೆ ಹೇಳಿದ ಸುಳ್ಳು

ಐವತ್ತು ದಾಟಿದ, ಹೊಟ್ಟೆ ಮುಂದೆ ಬಂದ, ಒಂದು ಕನ್ನಡಕ ಹುಡುಕಲು ಇನ್ನೊಂದು ಕನ್ನಡಕ ಬೇಕಾಗುವ ಗಂಡಸನ್ನು ‘ಗುಬ್ಬಿ’ ಎಂದು ಕರೆಯುವ ಧೈರ್ಯ ಅವನ ಅಕ್ಕನಿಗೆ ಮಾತ್ರ ಇತ್ತು. ಚಿಕ್ಕವನಿದ್ದಾಗ ಅವಳ ಮೇಜಿನ ಕೆಳಗೆ ಬಿದ್ದ ಕಾಗದದ ಚೂರುಗಳನ್ನೆಲ್ಲ ಹೆಕ್ಕಿ ಹೆಕ್ಕಿ ಜೇಬಿಗೆ ತುಂಬಿಕೊಳ್ಳುತ್ತಿದ್ದನಂತೆ. ಹೆಸರು ಅಂಟಿಕೊಂಡಿತು. ನಾವೂ ಹಾಗೇ ಕರೆಯೋಣ. ಈ ಕತೆ ಮುಗಿಯುವ ಹೊತ್ತಿಗೆ ಅದಕ್ಕಿಂತ ಹೆಚ್ಚಿನ ಮರ್ಯಾದೆಯನ್ನು ಅವನೂ ಕೇಳಲಾರ.

ಗುಬ್ಬಿಯದು ಮೂಲಚಿತ್ರಗಳ ವ್ಯಾಪಾರ. ಗೋಡೆಗೆ ಚಂದ ಎಂದು ಕೊಳ್ಳುವ ಹೂದಾನಿ, ಸೂರ್ಯಾಸ್ತಗಳಲ್ಲ. ಮಕ್ಕಳ ವಾರಪತ್ರಿಕೆಗಳಲ್ಲಿ ಬರುತ್ತಿದ್ದ ಚಿತ್ರಕಥೆಗಳ ಅಸಲು ಹಾಳೆಗಳು. ಅಚ್ಚಾಗುವ ಮೊದಲು ಕಲಾವಿದನ ಪೆನ್ಸಿಲು, ಬ್ರಷ್ಷು, ಒಮ್ಮೊಮ್ಮೆ ಅವನ ಚಹಾ ಲೋಟದ ತಳವೂ ತಾಗಿದ ದಪ್ಪ ರಟ್ಟುಗಳು. ಒಂದು ಕಾಲದಲ್ಲಿ ಇವನ್ನು ಕೆಲಸ ಮುಗಿದ ಮೇಲೆ ಕಿಟಕಿಯ ಒಡೆದ ಗಾಜಿಗೆ ಅಡ್ಡ ಇಡುತ್ತಿದ್ದರು. ಈಗ ಆ ಪತ್ರಿಕೆ ಓದಿ ಬೆಳೆದ ಮಕ್ಕಳೆಲ್ಲ ದೊಡ್ಡವರಾಗಿ, ಕೈಯಲ್ಲಿ ಕಾಸು ಓಡಾಡಿ, ಬಾಲ್ಯವನ್ನು ಕಟ್ಟು ಹಾಕಿಸಿ ಗೋಡೆಗೆ ತೂಗಿಹಾಕಬೇಕು ಎನ್ನುತ್ತಾರೆ. ಹಳೆಯ ಬೀದಿಯ ಮಹಡಿಯ ಮೇಲಿನ ಗುಬ್ಬಿಯ ಅಂಗಡಿಗೆ ಅವರೇ ಗಿರಾಕಿಗಳು.

ಒಂದು ಶುಕ್ರವಾರ ಬೆಳಿಗ್ಗೆ ಅವನು ಹಿಂದಿನ ಕೋಣೆಯಲ್ಲಿ ಕಿಟಕಿ ತೆರೆದಿಟ್ಟು ಕೂತಿದ್ದ. ಲೈಟರಿಗೆ ತುಂಬಿಸುವ ಪೆಟ್ರೋಲನ್ನು ಕಣ್ಣಿನ ಔಷಧಿಯ ಡ್ರಾಪರಿನಲ್ಲಿ ಎಳೆದು, ಹಾಳೆಯ ಮೇಲೆ ಅಂಟಿಸಿದ್ದ ಮಾತಿನ ಗುಳ್ಳೆಯ ಅಂಚಿಗೆ ಹನಿ ಹನಿಯಾಗಿ ಬಿಟ್ಟ. ಚಿತ್ರದ ಪಾತ್ರ ಆಡುವ ಮಾತನ್ನು ಬರೆದ ಮೊಟ್ಟೆಯಾಕಾರದ ಆ ಕಾಗದಕ್ಕೆ ಪತ್ರಿಕೆಯವರು ಗುಳ್ಳೆ ಎನ್ನುತ್ತಿದ್ದರು. ಹಳೆಯ ಅಂಟು ಮೆತ್ತಗಾಯಿತು. ತೆಳು ಬ್ಲೇಡನ್ನು ಕೆಳಗೆ ತೂರಿಸಿ ಮೆಲ್ಲಗೆ ಎಬ್ಬಿಸಿದ. ಗುಳ್ಳೆ ಎದ್ದು ಬಂತು. ಅದರಲ್ಲಿ ಏನು ಬರೆದಿದೆ ಎಂದು ನೋಡದೆ ಪಕ್ಕದ ಬಿಸ್ಕತ್ತಿನ ಡಬ್ಬಕ್ಕೆ ಹಾಕಿದ. ಓದದೇ ಇರುವುದನ್ನು ಅವನು ಅಭ್ಯಾಸ ಮಾಡಿಕೊಂಡಿದ್ದ. ಯಾಕೆಂದರೆ ಆ ಅಕ್ಷರಗಳನ್ನು ಬರೆದವಳು ಅವನ ಅಕ್ಕ.

ಅಪ್ಪ ಅಮ್ಮ ಒಂದೇ ವರ್ಷದಲ್ಲಿ ಹೋದ ಮೇಲೆ ಅಕ್ಕ ವಾರಪತ್ರಿಕೆಯ ಕಚೇರಿಗೆ ಅಕ್ಷರ ಬರೆಯುವ ಕೆಲಸಕ್ಕೆ ಸೇರಿದ್ದಳು. ಚಿತ್ರ ಮೀಸೆ ಮೇಷ್ಟ್ರದ್ದು. ಅವರು ಯಾವ ಶಾಲೆಯಲ್ಲೂ ಪಾಠ ಹೇಳಿದವರಲ್ಲ, ಮೀಸೆಯೂ ಅಷ್ಟಕ್ಕಷ್ಟೆ. ಯಾರೋ ಇಟ್ಟ ಹೆಸರು. ಅವರ ‘ನಿಜ ಹೇಳುವ ಕತ್ತೆ’ ಎಂಬ ಚಿತ್ರಕಥೆಗಾಗಿ ಮಕ್ಕಳು ವಾರವಿಡೀ ಕಾಯುತ್ತಿದ್ದರು. ಒಬ್ಬ ದೊರೆ, ಅವನನ್ನು ಹೊಗಳುವುದೇ ಕಸುಬಾದ ಒಬ್ಬ ಮಂತ್ರಿ, ಮತ್ತು ಸುಳ್ಳು ಹೇಳಲು ಬಾರದ ಒಂದು ಕತ್ತೆ. ಇಷ್ಟೇ. ಮೇಷ್ಟ್ರು ಹಾಳೆ ತುಂಬ ಚಿತ್ರ ಬರೆದು ಕೊಡುವರು. ಮಾತು ಎಲ್ಲಿ ಕೂರಬೇಕು ಎಂದು ನೋಡಿ, ಸಾಬೂನು ಡಬ್ಬಿಯ ಮುಚ್ಚಳವಿಟ್ಟು ಗುಳ್ಳೆ ಗೀಚಿ, ಬರೆದು, ಮಾತಾಡುವವರ ಬಾಯಿಯತ್ತ ತೋರುವ ಬಾಲ ಸಮೇತ ಕತ್ತರಿಸಿ ಅಂಟಿಸುವವಳು ಅಕ್ಕ. ‘ನನ್ನ ಮೋಡದ ಮೇಲೇ ಅಂಟಿಸಿದೆಯಲ್ಲೇ!’ ಎಂದು ಮೇಷ್ಟ್ರು ಕೂಗಾಡಿದರೆ, ‘ಮೋಡ ಮುಂದಿನ ವಾರಾನೂ ಬರುತ್ತೆ, ಮಾತು ಬರಲ್ಲ’ ಎನ್ನುತ್ತಿದ್ದಳು.

ಕೆಲಸ ಹೆಚ್ಚಿದ್ದಾಗ ಮನೆಗೆ ತರುತ್ತಿದ್ದಳು. ಅಡುಗೆಮನೆಯ ಮೇಜೇ ಕಚೇರಿ. ಆಗಷ್ಟೇ ಓದಲು ಕಲಿಯುತ್ತಿದ್ದ ತಮ್ಮನನ್ನು ಸ್ಟೂಲಿನ ಮೇಲೆ ಕೂರಿಸಿ, ಶಾಯಿ ಒಣಗಿದ ಪ್ರತಿಯೊಂದು ಗುಳ್ಳೆಯನ್ನೂ ಅವನ ಮುಂದೆ ಹಿಡಿಯುತ್ತಿದ್ದಳು. ‘ಓದು.’ ಅವನು ತಡವರಿಸದೆ ಓದಿದರೆ ಗುಳ್ಳೆ ಹಾಳೆಗೆ. ತಡವರಿಸಿದರೆ ಹರಿದು ಮತ್ತೆ ಬರೆಯುವಳು. ‘ನೀನು ತಡವರಿಸಿದ್ರೆ ತಪ್ಪು ನಂದು ಕಣೋ. ನಿಂಗೆ ಓದೋಕಾಗ್ದೆ ಇದ್ರೆ ಯಾವ ಮಗೂಗೂ ಆಗಲ್ಲ.’ ಒಂದು ವಾರ ಕತ್ತೆ ಅಳುತ್ತಿದ್ದ ಚಿಕ್ಕ ರಾಜಕುಮಾರನಿಗೆ ‘ಅಳಬೇಡ, ನಾನಿದ್ದೇನಲ್ಲ’ ಎನ್ನಬೇಕಿತ್ತು. ಗುಬ್ಬಿ ಪ್ರತಿ ಸಲವೂ ‘ನಾನಿ’ ಎನ್ನುವಲ್ಲೇ ನಿಂತುಬಿಡುತ್ತಿದ್ದ. ಅಕ್ಕ ಮೂರು ಸಲ ಹರಿದು ಬರೆದಳು, ಬೈಯಲಿಲ್ಲ. ಹೀಗೆ ಅವನು ಓದು ಕಲಿತದ್ದು ಶಾಲೆಯಲ್ಲಿ ಅಲ್ಲ, ಕತ್ತೆಯ ಬಾಯಲ್ಲಿ.

ಪತ್ರಿಕೆ ಮುಚ್ಚಿತು, ಮೇಷ್ಟ್ರೂ ಹೋದರು. ಅವರ ಮಗಳ ಮನೆಯ ಅಟ್ಟದಲ್ಲಿ ಹಾಳೆಗಳ ಗಂಟಿದೆ ಎಂದು ಗುಬ್ಬಿಗೆ ಹೇಳಿದವಳೇ ಅಕ್ಕ. ‘ಯಾರ್ಯಾರೋ ಕೈಗೆ ಹೋಗೋದು ಬೇಡ. ನೀನಾದ್ರೆ ಜೋಪಾನ ಮಾಡ್ತೀಯ’ ಎಂದು ತಾನೇ ಮಾತಾಡಿ ಕೊಡಿಸಿದಳು. ಅವನು ನ್ಯಾಯವಾದ ಬೆಲೆಯನ್ನೇ ಕೊಟ್ಟ. ಅಲ್ಲಿಯವರೆಗೆ ಎಲ್ಲವೂ ಸರಿಯಾಗಿತ್ತು.

ಕೆಡಿಸಿದ್ದು ಹಲ್ಲಿನ ಡಾಕ್ಟರು. ಕೆಡಿಸಿದ್ದು ಎಂದರೂ ಪೂರ್ತಿ ನ್ಯಾಯವಲ್ಲ. ಕೆಡುವವನಿಗೆ ನೆಪ ಬೇಕು. ಊರಿಗೆಲ್ಲ ದೊಡ್ಡ ಸಂಗ್ರಹ ಅವರದು. ಒಂದು ದಿನ ಹಾಳೆಯೊಂದರ ಮೇಲೆ ಬೆರಳಾಡಿಸುತ್ತ, ‘ಈ ಅಕ್ಷರದ ಚೀಟಿಗಳ ಕೆಳಗೂ ಚಿತ್ರ ಇದೆಯಲ್ರೀ! ಇವು ಇಲ್ದಿದ್ರೆ ನಾನು ಎರಡರಷ್ಟು ಕೊಡ್ತಿದ್ದೆ’ ಎಂದರು. ಗುಬ್ಬಿ ಒಂದು ವಾರ ಸುಮ್ಮನಿದ್ದ. ಆಮೇಲೆ ಒಂದು ಗುಳ್ಳೆ ಎಬ್ಬಿಸಿ ನೋಡಿದ. ಕೆಳಗೆ ಮೇಷ್ಟ್ರ ಮೋಡ, ಯಾರೂ ನೋಡದ ಮೋಡ, ನಿನ್ನೆ ಬರೆದಂತೆ ಹೊಳೆಯುತ್ತಿತ್ತು. ಮಾತು ಬೆಳ್ಳಿ, ಮೌನ ಬಂಗಾರ ಎನ್ನುತ್ತಾರಲ್ಲ, ಈ ವ್ಯಾಪಾರದಲ್ಲಿ ಅದು ಗಾದೆಯಲ್ಲ, ದರಪಟ್ಟಿ. ಮೊದಮೊದಲ ಗುಳ್ಳೆಗಳು ಕಸದ ಬುಟ್ಟಿಗೆ ಹೋದವು. ಯಾಕೋ ಮನಸ್ಸು ಒಪ್ಪದೆ, ನಂತರದವು ಬಿಸ್ಕತ್ತಿನ ಡಬ್ಬಕ್ಕೆ ಹೋಗತೊಡಗಿದವು. ಕಸಕ್ಕೆ ಹಾಕಲಿಲ್ಲವಲ್ಲ ಎಂಬುದೇ ಒಂದು ಪುಣ್ಯದ ಕೆಲಸ ಎಂಬಂತೆ ಅವನು ತನಗೆ ತಾನೇ ಹೇಳಿಕೊಂಡ. ಅಕ್ಕನಿಗೆ ಹೇಳಲಿಲ್ಲ. ಅವಳಿಗೆ ಮಂಡಿನೋವು, ಮಹಡಿ ಹತ್ತುವುದಿಲ್ಲ, ತಿಳಿಯುವುದಾದರೂ ಹೇಗೆ?

ಈಗ ಮೀಸೆ ಮೇಷ್ಟ್ರ ಹಾಳೆಗಳ ಪ್ರದರ್ಶನ ಭಾನುವಾರಕ್ಕೆ ಗೊತ್ತಾಗಿತ್ತು. ಆ ಶುಕ್ರವಾರ ಮಧ್ಯಾಹ್ನ ಊಟದ ಹೊತ್ತಿಗೆ ಹೆಂಡತಿ ಹೇಳಿದಳು:

‘ರೀ, ಅತ್ತಿಗೇನ ಭಾನುವಾರಕ್ಕೆ ಕರೆದಿದೀನಿ. ಅವರ ಅಕ್ಷರ ಗೋಡೆ ಮೇಲೆ ಇರೋವಾಗ ಅವರೇ ಇಲ್ದಿದ್ರೆ ಹೇಗೆ? ಎಷ್ಟು ಖುಷಿಪಟ್ರು ಗೊತ್ತಾ!’

ಗುಬ್ಬಿ ತುತ್ತನ್ನು ತಟ್ಟೆಗೇ ಇಳಿಸಿದ. ‘ಅವಳಿಗೆ ಮೆಟ್ಟಿಲು ಹತ್ತೋಕಾಗುತ್ತಾ?’ ಎಂದ.

‘ಅಂಗಡಿಯವರೆಲ್ಲ ಸೇರಿ ಹತ್ತಿಸ್ತೀವಿ. ನಿಮ್ಗೇನಾಯ್ತು, ಮುಖ ಯಾಕೆ ಹಾಗಾಯ್ತು?’

‘ನನಗೇನಾಗಿದೆ? ಏನೂ ಆಗಿಲ್ಲ’ ಎಂದು ಅವನು ಸ್ವಲ್ಪ ಜೋರಾಗಿಯೇ ಹೇಳಿದ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ.

ಆ ಸಂಜೆ ಅಕ್ಕನ ಮನೆಗೆ ಹೋದ. ಎಲ್ಲ ಹೇಳಿಬಿಡಬೇಕು ಎಂದೇ ಹೊರಟಿದ್ದ. ದಾರಿಯಲ್ಲಿ ಮೊದಲ ವಾಕ್ಯವನ್ನು ಬಾಯಿಪಾಠವೂ ಮಾಡಿಕೊಂಡಿದ್ದ. ಬಾಗಿಲು ತೆರೆದಿತ್ತು. ಅಕ್ಕ ಗೋಡೆ ಹಿಡಿದುಕೊಂಡು ಒಂದು ಗಿಡ್ಡ ಮಣೆಯ ಮೇಲೆ ಹತ್ತುತ್ತಿದ್ದಳು, ಇಳಿಯುತ್ತಿದ್ದಳು. ಕಾಲಲ್ಲಿ ಹೊಸ ಬೂಟು.

‘ಏನಕ್ಕ ಇದು?’

‘ಮೆಟ್ಟಿಲು ಹತ್ತೋದು ಪ್ರಾಕ್ಟೀಸ್ ಮಾಡ್ತಿದೀನಿ. ನಿನ್ನ ಅಂಗಡಿ ಆಕಾಶದಲ್ಲಿ ಕಟ್ಟಿದೀಯಲ್ಲ, ಗುಬ್ಬಿ ಅಂತ ಹೆಸರಿಟ್ಟಿದ್ದಕ್ಕೆ!’ ಅವಳು ನಗುತ್ತ ಕುರ್ಚಿಗೆ ಒರಗಿ ಉಸಿರು ಬಿಟ್ಟಳು. ‘ಬೂಟು ಹೇಗಿದೆ ಹೇಳು.’

‘ಚೆನ್ನಾಗಿದೆ. ಅಕ್ಕ, ಒಂದು ಮಾತು...’

‘ನಾನೊಂದು ಹೇಳ್ಲಾ ಮೊದ್ಲು? ಇಷ್ಟು ವರ್ಷ ಬರೆದೆ, ನನ್ನ ಹೆಸರು ಎಲ್ಲೂ ಅಚ್ಚಾಗ್ಲಿಲ್ಲ. ಅಕ್ಷರ ಬರೆದೋರ ಹೆಸರು ಯಾರು ಹಾಕ್ತಾರೆ, ಅದು ಬಿಡು. ಪತ್ರಿಕೆ ಓದ್ದೋರು ಅದರಲ್ಲೇ ಕಡಲೆ ಕಟ್ಕೊಂಡು ತಿಂದ್ರು. ಮೇಷ್ಟ್ರ ಚಿತ್ರದ ಜೊತೆ ನನ್ನ ಅಕ್ಷರಾನೂ ಉಳ್ಕೊಂಡಿದೆ, ಅದೂ ನಿನ್ನ ಕೈಲಿ ಉಳ್ಕೊಂಡಿದೆ ಅಂದ್ರೆ...’ ಅವಳು ಬಗ್ಗಿ ಬೂಟಿನ ದಾರ ಬಿಗಿದಳು. ‘ನೀನೇನೋ ಹೇಳೋಕೆ ಬಂದೆ?’

‘ಏನಿಲ್ಲ. ಭಾನುವಾರ ಕಾರು ಕಳಿಸ್ತೀನಿ ಅಂತ’ ಎಂದ ಗುಬ್ಬಿ.

ಮನೆಗೆ ಹಿಂದಿರುಗುವಾಗ ಅವನಿಗೆ ತನ್ನ ಮೇಲೇ ಹೇಸಿಗೆಯಾಯಿತು. ಬಿಸಿ ತುಪ್ಪ ನುಂಗಲೂ ಆಗದು, ಉಗುಳಲೂ ಆಗದು ಎನ್ನುತ್ತಾರೆ. ಆದರೆ ಆ ತುಪ್ಪವನ್ನು ಬಾಯಿಗೆ ಹಾಕಿಕೊಂಡವನು ತಾನೇ ಅಲ್ಲವೇ?

ಹೇಡಿಗೆ ಉಪಾಯಕ್ಕೇನು ಬರ. ಶನಿವಾರ ಅಂಗಡಿಯ ಬಾಗಿಲು ಹಾಕಿಕೊಂಡು ಬಿಸ್ಕತ್ತಿನ ಡಬ್ಬವನ್ನು ಮೇಜಿನ ಮೇಲೆ ಸುರಿದ. ಎಲ್ಲ ಹಾಳೆಗಳಿಗೂ ಗುಳ್ಳೆ ಮರಳಿ ಅಂಟಿಸಲು ಸಾಧ್ಯವಿರಲಿಲ್ಲ. ಎಷ್ಟೋ ಗುಳ್ಳೆಗಳೇ ಇರಲಿಲ್ಲ. ಆದರೆ ಒಂದು ಹಾಳೆಗೆ ಅಂಟಿಸಬಹುದು. ಬಾಗಿಲಿನ ಎದುರಿಗೇ ತೂಗುಹಾಕಿದರೆ ಅಕ್ಕ ಅದನ್ನು ನೋಡುತ್ತಾಳೆ, ಖುಷಿಪಡುತ್ತಾಳೆ. ಉಳಿದವು ಅಚ್ಚಿಗೇ ಹೋಗದ ಹಾಳೆಗಳು, ಹಾಗಾಗಿ ಮಾತು ಅಂಟಿಸಿರಲಿಲ್ಲ ಎಂದರಾಯಿತು. ಆರಿಸಿದ್ದು ದೊರೆ ಕುಣಿಯುವ ಹಾಳೆ. ಅದನ್ನು ಹಲ್ಲಿನ ಡಾಕ್ಟರು ಗುಳ್ಳೆ ಕಿತ್ತ ಮೇಲೆ ಬರಿಯ ಚಿತ್ರವಾಗಿ ನೋಡಿ ಮೆಚ್ಚಿ ಮುಂಗಡ ಕೊಟ್ಟಿದ್ದರು. ಅಕ್ಕ ಹೊರಟ ಮೇಲೆ ಮತ್ತೆ ಕಿತ್ತರಾಯಿತು ಎಂದುಕೊಂಡ. ಅಷ್ಟು ನೀಚವಾದ ಯೋಚನೆ ಎಷ್ಟು ಸಲೀಸಾಗಿ ಬಂತು ಎಂದು ಅವನಿಗೇ ಒಂದು ಕ್ಷಣ ದಿಗಿಲಾಯಿತು.

ಗುಳ್ಳೆಗಳೆಲ್ಲ ಒಂದೇ ಸಾಬೂನು ಡಬ್ಬಿಯ ಮುಚ್ಚಳದ ಅಳತೆಯವು. ಆಕಾರ ನೋಡಿ ಯಾವುದು ಎಲ್ಲಿಯದು ಎಂದು ಹೇಳುವಂತಿರಲಿಲ್ಲ. ‘ಕುಣಿ’ ಎಂಬ ಪದ ಇದ್ದವನ್ನಷ್ಟೇ ಹುಡುಕಿ ಹುಡುಕಿ ತೆಗೆದ, ಉಳಿದದ್ದನ್ನು ಓದಲಿಲ್ಲ. ಕಣ್ಣು ಮಂಜಾಗಿತ್ತು. ಅಂಟು ಬೇಗ ಒಣಗುತ್ತದೆ, ಕಟ್ಟು ಹಾಕುವವನು ಕೆಳಗೆ ಕಾಯುತ್ತಿದ್ದಾನೆ. ಗುಳ್ಳೆಯ ಬಾಲ ಯಾವ ಕಡೆ ತಿರುಗಿದೆ ಎಂದು ನೋಡಿಕೊಂಡು ಪಟಪಟನೆ ಅಂಟಿಸಿಬಿಟ್ಟ. ಹಾಳೆ ಮೊದಲಿನಂತೆಯೇ ಕಂಡಿತು. ಹಗುರಾದೆ ಎಂದುಕೊಂಡ, ಆಗಲಿಲ್ಲ.

ಭಾನುವಾರ ಅಕ್ಕ ಬಂದಳು. ಒಂದು ಕೈ ಮೆಟ್ಟಿಲ ಪಕ್ಕದ ಕಂಬಿಯ ಮೇಲೆ, ಒಂದು ಕೈ ತಮ್ಮನ ಹೆಗಲ ಮೇಲೆ. ಪ್ರತಿ ತಿರುವಿನಲ್ಲೂ ನಿಂತು, ‘ಇನ್ನೂ ಎಷ್ಟಿದೆಯೋ, ಚಂದ್ರ ಸಿಗೋದೊಂದು ಬಾಕಿ’ ಎನ್ನುತ್ತಿದ್ದಳು. ಒಳಗೆ ಬಂದವಳು ಸೀದಾ ಎದುರಿನ ಹಾಳೆಯ ಮುಂದೆ ನಿಂತು ಕನ್ನಡಕ ಸರಿಮಾಡಿಕೊಂಡಳು.

ಅವಳು ಓದಿದಳು. ಮೊದಲು ತುಟಿ ಅಲುಗಿತು, ಆಮೇಲೆ ಭುಜ, ಆಮೇಲೆ ಗಟ್ಟಿಯಾಗಿ ನಕ್ಕೇಬಿಟ್ಟಳು. ಬಂದವರೆಲ್ಲ ತಿರುಗಿ ನೋಡುವಷ್ಟು. ಕಣ್ಣಲ್ಲಿ ನೀರು ಬಂತು.

‘ಏನಕ್ಕ?’

‘ನೋಡೋ ಇಲ್ಲಿ! ನಮ್ಮ ಕತ್ತೆ ಏನಂತಿದೆ, ಓದು.’

ಅವನು ಬಗ್ಗಿ ಓದಿದ. ಕತ್ತೆಯ ಬಾಯಿಂದ ಹೊರಟ ಗುಳ್ಳೆಯಲ್ಲಿ ಹೀಗಿತ್ತು: ‘ಪ್ರಭುಗಳು ಕುಣಿದರೆ ನವಿಲೂ ನಾಚಬೇಕು!’ ಪಕ್ಕದಲ್ಲಿ ಕೈಮುಗಿದು ನಿಂತ ಮಂತ್ರಿ ಹೇಳುತ್ತಿದ್ದ: ‘ಪ್ರಭುಗಳು ಕುಣಿದರೆ ನೆಲಕ್ಕೆ ನೋವಾಗುತ್ತದೆ.’

‘ನಮ್ಮ ಕತ್ತೆ ಯಾವಾಗಿಂದ ಸುಳ್ಳು ಹೇಳೋಕೆ ಕಲಿತ್ಕೊಂತೋ?’ ಎಂದಳು ಅಕ್ಕ, ಕಣ್ಣೊರೆಸಿಕೊಳ್ಳುತ್ತ. ‘ಈ ತಪ್ಪು ಅಚ್ಚಾಗಿದ್ರೆ ಮಕ್ಕಳು ಕಚೇರಿಗೇ ಬಂದು ಗಲಾಟೆ ಮಾಡ್ತಿದ್ರು! ನಾನು ಹೀಗೆ...’

ಅಲ್ಲಿಗೆ ಅವಳ ನಗು ನಿಂತಿತು. ತಾನು ಹೀಗೆ ಅಂಟಿಸಿರಲಿಲ್ಲ ಎಂಬುದು ಅವಳಿಗೆ ಗೊತ್ತಿತ್ತು. ಅಂಟಿಸಿದ ಗುಳ್ಳೆ ತಾನಾಗಿ ಎದ್ದು ಹೋಗಿ ಇನ್ನೊಬ್ಬನ ಬಾಯಿಗೆ ಕೂರುವುದಿಲ್ಲ ಎಂಬುದೂ ಗೊತ್ತಿತ್ತು. ಅವಳು ಪಕ್ಕದ ಹಾಳೆಗೆ ನಡೆದಳು. ಅಲ್ಲಿ ಮಾತಿರಲಿಲ್ಲ. ಅದರ ಪಕ್ಕದ್ದು, ಅದರಲ್ಲೂ ಇಲ್ಲ. ದೊರೆ ಬಾಯಿ ತೆರೆದಿದ್ದ, ಮಂತ್ರಿ ಬಾಯಿ ತೆರೆದಿದ್ದ, ಕತ್ತೆ ಬಾಯಿ ತೆರೆದಿತ್ತು. ಯಾರೂ ಏನೂ ಹೇಳುತ್ತಿರಲಿಲ್ಲ.

‘ಅವು ಅಚ್ಚಿಗೆ ಹೋಗದ ಹಾಳೆಗಳು ಅಕ್ಕ’ ಎಂದ ಗುಬ್ಬಿ. ಅವನ ದನಿ ಅವನಿಗೇ ಬೇರೆಯವರ ದನಿಯಂತೆ ಕೇಳಿಸಿತು.

ಅಕ್ಕ ಗಾಜಿಗೆ ಮುಖ ತಂದು ನೋಡಿದಳು. ಆಕಾಶದಲ್ಲಿ, ಮೋಡಗಳ ನಡುವೆ, ಒಣಗಿದ ಅಂಟಿನ ತೆಳು ಕಂದು ಕಲೆ. ಸಾಬೂನು ಡಬ್ಬಿಯ ಮುಚ್ಚಳದಷ್ಟು. ಅವಳು ಬೆರಳಿನಿಂದ ಗಾಜಿನ ಮೇಲೆ ಅದರ ಸುತ್ತ ಒಂದು ಸುತ್ತು ಗೀಚಿದಳು.

ಅಷ್ಟರಲ್ಲಿ ಹಲ್ಲಿನ ಡಾಕ್ಟರು ಬಂದರು. ದೊಡ್ಡ ಮನುಷ್ಯರು, ಅವರ ಮನಸ್ಸಿನಲ್ಲಿ ಏನೂ ಕಲ್ಮಶವಿಲ್ಲ, ಅದೇ ತೊಂದರೆ. ‘ಅಕ್ಕನೋರಾ? ನಮಸ್ಕಾರ. ನಿಮ್ಮ ತಮ್ಮನ ಕೈ ಚಿನ್ನದ ಕೈ ಕಣ್ರೀ. ಮೇಲಿದ್ದ ಅಕ್ಷರದ ಚೀಟಿಗಳನ್ನ ಹೇಗೆ ಕಿತ್ತಿದಾರೆ ನೋಡಿ, ಒಂದು ಗೀರಿಲ್ಲ! ನಾನು ಹಲ್ಲು ಕೀಳೋನು, ನಂಗೇ ಇಷ್ಟು ನಾಜೂಕು ಬರಲ್ಲ.’ ಆಮೇಲೆ ಎದುರಿನ ಹಾಳೆ ನೋಡಿ ಹುಬ್ಬುಗಂಟಿಕ್ಕಿದರು. ‘ಅರೆ, ಇದಕ್ಯಾಕೆ ಮತ್ತೆ ಅಂಟಿಸಿದೀರಿ? ನಾನು ತಗೊಳ್ಳೋಕೆ ಮುಂಚೆ ತೆಗೆದುಬಿಡಿ.’

ನೆಲ ಬಾಯಿ ಬಿಟ್ಟಿದ್ದರೆ ಗುಬ್ಬಿ ಇಳಿದುಬಿಡುತ್ತಿದ್ದ. ನೆಲ ಬಾಯಿ ಬಿಡಲಿಲ್ಲ. ಅಕ್ಕ ಡಾಕ್ಟರಿಗೆ ನಮಸ್ಕಾರ ಹೇಳಿದಳು. ಆಮೇಲೆ ತಮ್ಮನ ಕಡೆ ತಿರುಗಿ, ‘ಎಲ್ಲಾದ್ರೂ ಕೂತ್ಕೋಬೇಕು’ ಎಂದಳು.

ಹಿಂದಿನ ಕೋಣೆಯಲ್ಲಿ ಪೆಟ್ರೋಲಿನ ವಾಸನೆ ಇನ್ನೂ ಇತ್ತು. ಅಕ್ಕ ಅವನ ಕುರ್ಚಿಯಲ್ಲೇ ಕೂತಳು. ಡ್ರಾಪರು, ಬ್ಲೇಡು, ಎಲ್ಲವನ್ನೂ ಒಂದು ಸಲ ನೋಡಿದಳು.

‘ಕಿತ್ತಿದ್ದೆಲ್ಲ ಎಲ್ಲಿದೆ?’

ಅವನು ಡಬ್ಬ ಕೊಟ್ಟ. ಅವಳು ಮುಚ್ಚಳ ತೆಗೆದಳು.

‘ಇಷ್ಟೇನಾ?’

‘ಮೊದಮೊದಲಿನವು... ಕಸಕ್ಕೆ ಹಾಕ್ದೆ.’

‘ಕಷ್ಟ ಏನಾದ್ರೂ ಇತ್ತೇನೋ? ಸಾಲಗೀಲ?’

ಹೌದು ಎಂದಿದ್ದರೆ ಅವಳು ನಂಬುತ್ತಿದ್ದಳು. ನಂಬಿ, ಅಯ್ಯೋ ಪಾಪ ಎಂದು, ಬಹುಶಃ ಅಲ್ಲೇ ಕ್ಷಮಿಸಿಯೂ ಬಿಡುತ್ತಿದ್ದಳು. ಗುಬ್ಬಿಯ ನಾಲಿಗೆಯ ತುದಿಗೆ ಬಂದ ‘ಹೌದು’ ಅಲ್ಲೇ ಉಳಿಯಿತು. ಅಷ್ಟರ ಮಟ್ಟಿಗೆ ಅವನಿಗೆ ಒಂದು ಅಂಕ ಕೊಡೋಣ.

‘ಇರ್ಲಿಲ್ಲ ಅಕ್ಕ. ಕಿತ್ರೆ ಹೆಚ್ಚು ಬರುತ್ತೆ ಅಂತ ಕಿತ್ತೆ. ಅಷ್ಟೇ.’

ಅಕ್ಕ ತಲೆಯಾಡಿಸಿದಳು. ಹೊರಗೆ ಹೆಂಡತಿ ಬಂದವರಿಗೆ ಚಹಾ ಕೊಡುತ್ತಿದ್ದ ಸದ್ದು, ಯಾರೋ ಮೇಷ್ಟ್ರ ಮೋಡಗಳನ್ನು ಹೊಗಳುತ್ತಿದ್ದ ಸದ್ದು ಕೇಳಿಸುತ್ತಿತ್ತು. ಅವಳು ಬೈದಿದ್ದರೆ ಒಳ್ಳೆಯದಿತ್ತು. ಅಳಲೂ ಇಲ್ಲ, ಬೈಯಲೂ ಇಲ್ಲ. ಮೂಲೆಯಲ್ಲಿದ್ದ ಸ್ಟೂಲನ್ನು ಬೂಟುಗಾಲಿನಿಂದ ಅವನ ಕಡೆ ತಳ್ಳಿದಳು.

‘ಕೂತ್ಕೋ.’

ಕೂತ. ಸ್ಟೂಲು ಅವನ ಭಾರಕ್ಕೆ ಕಿರುಗುಟ್ಟಿತು. ಅಕ್ಕ ಡಬ್ಬದಿಂದ ಒಂದು ಗುಳ್ಳೆ ಎತ್ತಿ ಅವನ ಮುಂದೆ ಹಿಡಿದಳು.

‘ಓದು.’

‘ಅಕ್ಕ, ಹೊರಗೆ ಜನ...’

‘ಓದು.’

ಅವನು ಕನ್ನಡಕ ಏರಿಸಿದ. ‘ಪ್ರಭುಗಳೇ, ಮಳೆ ತರಿಸುವುದು ನಿಮ್ಮ ಕೈಲಿಲ್ಲ. ಕೊಡೆ ಹಿಡಿಯುವುದು ಇದೆ.’

ಅಕ್ಕ ಅದನ್ನು ಮೇಜಿನ ಮೇಲಿಟ್ಟು ಇನ್ನೊಂದು ಎತ್ತಿದಳು.

‘ನಾನು ಕತ್ತೆ ನಿಜ. ಆದರೆ ಈ ಮಂತ್ರಿಯನ್ನು ಮಂತ್ರಿ ಮಾಡಿದವರು ಯಾರು?’

ಇನ್ನೊಂದು. ಮತ್ತೊಂದು. ದುಂಡನೆಯ, ಬಿಡಿಬಿಡಿಯಾದ ಅಕ್ಷರಗಳು. ಶಾಯಿ ಸ್ವಲ್ಪವೂ ಮಾಸಿರಲಿಲ್ಲ. ಅವನು ಎಲ್ಲಿಯೂ ನಿಲ್ಲದೆ ಓದಿದ. ಇಷ್ಟು ವರ್ಷ ಓದದೆ ಡಬ್ಬಕ್ಕೆ ಎಸೆದದ್ದು ಏನನ್ನು ಎಂದು ಒಂದೊಂದಾಗಿ ಅವನ ಬಾಯಿಂದಲೇ ಅವನ ಕಿವಿಗೆ ಬಿತ್ತು. ಗುಳ್ಳೆಗಳು ಮೇಜಿನ ಮೇಲೆ ಸಾಲಾದವು. ಅವಕ್ಕೆ ಈಗ ಕೆಳಗೆ ಚಿತ್ರವಿರಲಿಲ್ಲ, ಬಾಲಗಳು ಯಾರ ಕಡೆಗೂ ತೋರುತ್ತಿರಲಿಲ್ಲ.

ಅಕ್ಕ ಮುಂದಿನದನ್ನು ಎತ್ತಿದಳು. ಚಿಕ್ಕ ಮಾತು, ಎರಡೇ ಸಾಲು. ಅವನು ಬಾಯಿ ತೆರೆದ.

‘ಅಳಬೇಡ, ನಾನಿ...’

ಅಲ್ಲೇ ನಿಂತ. ಮತ್ತೆ ಪ್ರಯತ್ನಿಸಿದ. ‘ನಾನಿ...’

ಅಕ್ಕ ಗುಳ್ಳೆಯನ್ನು ಕೆಳಗಿಳಿಸಲಿಲ್ಲ. ಅವಳು ಅಕ್ಷರವನ್ನು ಒಮ್ಮೆ ತನ್ನ ಕಡೆ ತಿರುಗಿಸಿ ನೋಡಿಕೊಂಡಳು, ಮತ್ತೆ ಅವನ ಕಡೆ ತಿರುಗಿಸಿದಳು.

‘ಅಕ್ಷರ ಸರಿಯಾಗೇ ಇದೆ’ ಎಂದಳು. ‘ಈ ಸಲ ತಪ್ಪು ನಂದಲ್ಲ. ಓದು.’

ಗುಬ್ಬಿ ಕನ್ನಡಕ ತೆಗೆದು ಒರೆಸಿಕೊಂಡ. ಮತ್ತೆ ಮೊದಲಿನಿಂದ ಓದತೊಡಗಿದ.